ಪಾಲಿಗೆ ಬಂದ ಬತ್ತಳಿಕೆ

ಮಂಗಳೂರಿನ ಅಬ್ದುಲ್ ರವೂಫ್ ಸಾಹೇಬರು ಎರಡಾಣೆ ಖರ್ಚು ಮಾಡಿ ಲಕೋಟೆ ಹಾಕಿದ್ದರೆ ಭೋಜ ಶೆಟ್ಟಿಯ ಆ ಗುರುವಾರ ಉಳಿದ ಗುರುವಾರಗಳಂತೆಯೇ ಕಳೆದುಹೋಗುತ್ತಿತ್ತು. ಅವರು ಮುಕ್ಕಾಲಾಣೆಯ ಕಾರ್ಡು ಹಾಕಿದರು. ಬಂಟ್ವಾಳದಲ್ಲಿ ಕಾರ್ಡು ಎಂದರೆ ವಿಳಾಸದಾರನು ಎಲ್ಲರಿಗಿಂತ ಕೊನೆಗೆ ಓದುವ ಪತ್ರ.

ಕಾರ್ಡಿನಲ್ಲಿ ಇದ್ದದ್ದು ಮೂರೇ ಸಾಲು. ‘ನಿಮ್ಮ ಬತ್ತಳಿಕೆಗಳನ್ನು ನೋಡಲು ಗುರುವಾರ ಮಧ್ಯಾಹ್ನ ಬರುತ್ತೇನೆ. ನೀವು ಹೇಳುವ ಹಳೆಯದು ನಿಜವಾಗಿ ಹಳೆಯದೇ ಆದರೆ ಒಳ್ಳೆಯ ಬೆಲೆ ಬಂದೀತು. ದಯವಿಟ್ಟು ಎಣ್ಣೆ ಹಚ್ಚಬೇಡಿ.’ ಟಪಾಲಿನವನು ಅದನ್ನು ಓದಿ ಹೋಟೆಲಿನಲ್ಲಿ ಹೇಳಿದ. ಹೋಟೆಲಿನಿಂದ ಸುದ್ದಿ ಬಸ್ಸು ಹತ್ತಿತು. ಮೂಡುಬಿದಿರೆಯಲ್ಲಿ ಇಳಿಯುವಾಗ ಬೆಲೆ ಸಾವಿರ ಆಗಿತ್ತು. ಬೆಳುವಾಯಿ ಮುಟ್ಟುವಾಗ ಬತ್ತಳಿಕೆಯೇ ಬಂಗಾರದ್ದಾಗಿತ್ತು.

ಭೋಜ ಬಂಟ್ವಾಳ ಪೇಟೆಯ ಬಸ್ ಏಜೆಂಟ. ಟಿಕೆಟು ಬರೆಯುವುದು, ಲಗೇಜು ತೂಗುವುದು, ಬಸ್ಸು ತಡವಾದಾಗ ಬೈಗಳು ತಿನ್ನುವುದು ಅವನ ಉದ್ಯೋಗ. ಬತ್ತಳಿಕೆ ಸೇರಿಸುವುದು ಅವನ ಹುಚ್ಚು. ಬಿಲ್ಲು ಬಾಣ ಅವನಿಗೆ ಬೇಡ. ಬಾಣ ಬಿಟ್ಟವರ ಕತೆ ಎಲ್ಲರೂ ಹೇಳಿದ್ದಾರೆ, ಬಾಣ ಇಟ್ಟದ್ದರ ಕತೆ ಯಾರೂ ಕೇಳಲಿಲ್ಲ ಎಂದು ಅವನ ವಾದ. ಹತ್ತು ವರ್ಷಗಳಲ್ಲಿ ಚರ್ಮದ್ದು, ಮರದ್ದು, ಬೆತ್ತದ್ದು, ಬಿದಿರಿನದ್ದು ಎಂದು ಹನ್ನೆರಡು ಸೇರಿ ಜಗಲಿಯ ಗೋಡೆಯಲ್ಲಿ ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಹೆಂಡತಿ ಜಲಜಾಕ್ಷಿ ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ಅಂಗಳ ಗುಡಿಸುವ ಹಿಡಿಸೂಡಿ ಇಡುತ್ತಿದ್ದಳು.

ಎಲ್ಲಕ್ಕಿಂತ ಮೇಲಿನ ಗೂಟದಲ್ಲಿದ್ದದ್ದು ತಾಯಿಯ ಅಣ್ಣ ದೊಡ್ಡ ಮಾವನದ್ದು. ಕೆಂಪು ಮಖಮಲ್ಲು, ಹಿತ್ತಾಳೆಯ ಪಟ್ಟಿ. ಮಾವ ತೀರಿಕೊಂಡ ವರ್ಷ ಬೆಳುವಾಯಿಯ ಕುಟುಂಬದ ಮನೆಯ ಅಟ್ಟದಿಂದ ಯಾರನ್ನೂ ಕೇಳದೆ ಭೋಜ ಅದನ್ನು ತಂದಿದ್ದ. ಮೂಡುಬಿದಿರೆಯ ಅರಸರ ಕಾಲದ್ದು ಎಂದು ಅವನ ನಂಬಿಕೆ. ಎತ್ತಿದರೆ ಹೂವಿನಷ್ಟು ಹಗುರ. ಅರಸರ ಕೆಲಸಗಾರರ ಕೈಚಳಕ ನೋಡಿ ಎಂದು ಮನೆಗೆ ಬಂದವರಿಗೆಲ್ಲ ಎತ್ತಿಸಿ ತೋರಿಸುತ್ತಿದ್ದ. ಮಾರುವ ಯೋಚನೆ ಅವನಿಗೆ ಕನಸಿನಲ್ಲೂ ಇರಲಿಲ್ಲ. ಅದು ಎಷ್ಟು ವರ್ಷದ್ದು, ಬೆಲೆ ಎಷ್ಟು ಎಂಬುದೊಂದು ಗೊತ್ತಾಗಬೇಕಿತ್ತು. ಗೊತ್ತಾಗದೆ ಅನ್ನ ಇಳಿಯದೆ ಸಾಹೇಬರಿಗೆ ಬರೆದಿದ್ದ.

ಜಲಜಾಕ್ಷಿ ಆಗಲೇ ಎಚ್ಚರಿಸಿದ್ದಳು. “ಬೆಲೆ ಗೊತ್ತಿಲ್ಲದಷ್ಟು ದಿನ ಅದು ನಿಮ್ಮದು. ಬೆಲೆ ಕಟ್ಟಿದ ದಿನ ಅದು ಕುಟುಂಬದ್ದು.”

ಅವಳು ಹೇಳಿದ್ದು ಸುಳ್ಳಲ್ಲ. ಅಳಿಯಕಟ್ಟಿನ ಮನೆತನಗಳಲ್ಲಿ ಮಾವನ ಸೊತ್ತು ಎಂದರೆ ಅಕ್ಕತಂಗಿಯರ ಮತ್ತು ಅವರ ಮಕ್ಕಳ ಸೊತ್ತು. ಪಾಲು ಕೇಳಬಹುದೆಂದು ಹೊಸ ಕಾಯಿದೆ ಬಂದು ಮೂರು ನಾಲ್ಕು ವರ್ಷವಾಗಿತ್ತಷ್ಟೆ, ಊರಿಗೆ ಊರೇ ಪಾಲಿನ ಜ್ವರದಲ್ಲಿತ್ತು. ಒಂದು ಮನೆಯಲ್ಲಿ ಕಡೆಯುವ ಕಲ್ಲು ಅಕ್ಕನಿಗೂ ಅದರ ಗುಂಡು ತಂಗಿಗೂ ಪಾಲಾಗಿ, ಈಗ ಇಬ್ಬರೂ ಮಸಾಲೆ ಅರೆಯಲು ನೆರೆಮನೆಗೆ ಹೋಗುತ್ತಿದ್ದರು.

ಗುರುವಾರ ಬೆಳಗ್ಗೆ ಮೂಡುಬಿದಿರೆಯ ಮೊದಲ ಬಸ್ಸಿನಿಂದ ಭೋಜನ ಅಕ್ಕ ಕಾಂತಕ್ಕ ಇಳಿದಳು. ಅವಳ ಹಿಂದೆ ಅಣ್ಣು ಶೆಟ್ಟರು ಇಳಿದರು. ಅಣ್ಣು ಶೆಟ್ಟರು ಕುಟುಂಬದ ಹಿರಿಯರು. ಎರಡು ವ್ಯಾಜ್ಯ ಸೋತವರು. ಸೋತವರಿಗೆ ಕಾನೂನು ಗೆದ್ದವರಿಗಿಂತ ಚೆನ್ನಾಗಿ ಬಾಯಿಪಾಠ ಇರುತ್ತದೆ. ಅವರ ಕಂಕುಳಲ್ಲಿ ಕಾಗದದ ಕಟ್ಟು ಇತ್ತು.

“ಮಾವನ ಒಂದು ಬತ್ತಳಿಕೆ ನಿನ್ನಲ್ಲಿ ಉಂಟಂತೆ,” ಎಂದರು ಅಣ್ಣು ಶೆಟ್ಟರು. “ಪಟ್ಟಿಗೆ ಸೇರಿಸುವ.”

ಭೋಜ ಇಬ್ಬರನ್ನೂ ಹೋಟೆಲಿನಲ್ಲಿ ಕೂರಿಸಿ, ಕಾಫಿಗೂ ಗೋಳಿಬಜೆಗೂ ಹೇಳಿ, ಲಗೇಜಿನ ಲೆಕ್ಕ ನೋಡಿ ಬರುತ್ತೇನೆಂದು ಹಿಂದಿನ ಓಣಿಯಲ್ಲಿ ಮನೆಗೆ ಓಡಿದ. ಕೆಂಪು ಬತ್ತಳಿಕೆಯನ್ನು ಗೂಟದಿಂದ ಕಿತ್ತು, ಪಕ್ಕದ ಉಮ್ಮರ್ ಬ್ಯಾರಿಯ ಒಳ್ಳೆಮೆಣಸಿನ ಅಂಗಡಿಗೆ ಹೋಗಿ, ಸಂಜೆಯ ತನಕ ಎಲ್ಲಾದರೂ ಅಡಗಿಸಿಡಿ ಎಂದು ಕೈಮುಗಿದ. ಉಮ್ಮರ್ ಒಳ್ಳೆಯ ನೆರೆಯವನು. ಯಾಕೆ ಏನು ಎಂದು ಕೇಳದೆ ಅದನ್ನು ಮೆಣಸಿನ ಗೋಣಿಗಳ ನಡುವೆ ತುರುಕಿದ.

ನೆಂಟರು ಜಗಲಿಗೆ ಬಂದು ಕೂತರು. ಅಣ್ಣು ಶೆಟ್ಟರು ಕನ್ನಡಕ ಏರಿಸಿ ಗೋಡೆಯನ್ನು ಬೆರಳಿನಲ್ಲಿ ಎಣಿಸಿದರು. ಗೂಟ ಹನ್ನೆರಡು, ಬತ್ತಳಿಕೆ ಹನ್ನೊಂದು. ಮೇಲಿನ ಗೂಟದ ಕೆಳಗೆ ಗೋಡೆಯ ಮೇಲೆ ಒಂದು ಉದ್ದನೆಯ ಬಿಳಿ ಕಲೆ, ಅಂಗಿ ಬಿಚ್ಚಿದವನ ಬೆನ್ನಿನ ಹಾಗೆ. ಇಲ್ಲಿದ್ದದ್ದು ಎಲ್ಲಿ ಹೋಯಿತು ಎಂದು ಅವರು ಕೇಳಿದರು. ಭೋಜ ಇಲಿ ಎಂದ. ಇಲಿ ಗೂಟ ಬಿಟ್ಟು ಬತ್ತಳಿಕೆ ಮಾತ್ರ ತಿಂದಿತೇ ಎಂದು ಕೇಳಿದರು. ಅಷ್ಟರಲ್ಲಿ ಅಂಗಳದಲ್ಲಿ ಸೀನು ಕೇಳಿತು. ಉಮ್ಮರ್ ಬ್ಯಾರಿ, ಕಂಕುಳಲ್ಲಿ ಕೆಂಪು ಬತ್ತಳಿಕೆ.

“ಶೆಟ್ರೇ, ಇದು ನನ್ನಲ್ಲಿ ಬೇಡ,” ಎಂದ. “ಗೋಣಿ ಎಳೆದಾಗೆಲ್ಲ ಕಾಣ್ತದೆ, ಒಂದು ಗಂಟೆಯಲ್ಲಿ ನಾಲ್ಕು ಗಿರಾಕಿಗಳು ಬೆಲೆ ಕೇಳಿದ್ರು. ಒಬ್ಬ ಹಣವೇ ಎಣಿಸ್ಲಿಕ್ಕೆ ಶುರು ಮಾಡಿದ. ನಾನು ವ್ಯಾಪಾರಿ ಮಾರಾಯ್ರೇ, ಎಷ್ಟು ಹೊತ್ತು ತಡ್ಕೊಳ್ಲಿ?” ಎಂದು ತಾನೇ ಮೇಲಿನ ಗೂಟಕ್ಕೆ ನೇತುಹಾಕಿ, ಸರಿಯಾಯಿತೇ ಎಂದು ದೂರ ನಿಂತು ನೋಡಿದ.

ಈಗ ಹನ್ನೆರಡೂ ಗೋಡೆಯಲ್ಲಿದ್ದವು. ಅಣ್ಣು ಶೆಟ್ಟರು ಮಾವನ ಬತ್ತಳಿಕೆಯನ್ನು ಎಂದೂ ಹತ್ತಿರದಿಂದ ನೋಡಿದವರಲ್ಲ. ಅಟ್ಟದ ಹೊಗೆಯಲ್ಲಿ ಕಂಡದ್ದು ಅಷ್ಟೆ. ಮೆಣಸಿನ ಅಂಗಡಿಗೆ ಹೋಗಿ ಬಂದದ್ದು ಯಾಕೆ ಎಂದು ಮಾತ್ರ ಕೇಳಿದರು. ಹೆಗ್ಗಣ ಹತ್ತದಿರಲಿ ಎಂದು ಮೆಣಸಿನ ವಾಸನೆ ಹಿಡಿಸಲು ಕೊಟ್ಟದ್ದು ಎಂದ ಭೋಜ. ಹೇಳುವಾಗಲೇ ಅವನಿಗೆ ಧೈರ್ಯ ಬಂತು. ಇವರಿಗೆ ಮಾವನದ್ದು ಯಾವುದು ಎಂದು ಗೊತ್ತಿಲ್ಲ.

“ಮಾವನದ್ದು ಯಾವುದು ಭೋಜ?” ಎಂದಳು ಕಾಂತಕ್ಕ.

ಭೋಜನ ಕೈ ತಾನಾಗಿ ಕೆಳಗಿನ ಸಾಲಿನ ಮೂಲೆಗೆ ಹೋಯಿತು. ಅಲ್ಲಿ ಕರಿಹಿಡಿದ ಒಂದು ಬಿದಿರಿನ ಬತ್ತಳಿಕೆ, ಒಳಗೆ ಹಿಡಿಸೂಡಿ. ಎರಡು ವರ್ಷದ ಹಿಂದೆ ಉಮ್ಮರ್ ಮೆಣಸು ಕೊಳ್ಳಲು ಘಟ್ಟದ ಬುಡದ ನೆರಿಯಕ್ಕೆ ಹೋಗುವಾಗ ಜೊತೆಗೆ ಹೋಗಿ, ಜೇನು ಇಳಿಸುವ ಒಬ್ಬ ಮುದುಕನಿಂದ ಹನ್ನೆರಡಾಣೆಗೆ ತಂದದ್ದು. ಮುದುಕ ಅದರಲ್ಲಿ ಕೋಳಿಗಳಿಗೆ ಹಾಕುವ ನುಚ್ಚು ತುಂಬಿಸಿಟ್ಟಿದ್ದ.

“ಇದು,” ಎಂದ ಭೋಜ.

ಕಾಂತಕ್ಕ ಬಿದಿರನ್ನು ನೋಡಿದಳು. ಮೇಲಿನ ಗೂಟವನ್ನು ನೋಡಿದಳು. ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ನೀನು ಹೇಳಿದ ಮೇಲೆ ಸರಿ,” ಎಂದಳು.

ಅಣ್ಣು ಶೆಟ್ಟರು ಆಗಲೇ ಬರೆಯಲು ಕೂತಿದ್ದರು. ‘ಬಿದಿರಿನ ಬತ್ತಳಿಕೆ ಒಂದು, ದೊಡ್ಡ ಮಾವನದ್ದು, ಕುಟುಂಬದ ಅವಿಭಕ್ತ ಸೊತ್ತು. ಉಳಿದ ಹನ್ನೊಂದು ಭೋಜನ ಸ್ವಂತದ್ದು.’ ಆ ಎರಡನೆಯ ಸಾಲು ಓದುವಾಗ ಭೋಜನಿಗೆ ಅಣ್ಣು ಶೆಟ್ಟರ ಕಾಲು ಹಿಡಿಯುವಷ್ಟು ಪ್ರೀತಿ ಬಂತು. ಒಂದೇ ಉಸಿರಿಗೆ ರುಜು ಹಾಕಿದ. ಸಾಕ್ಷಿಗೆ ಉಮ್ಮರ್ ಬ್ಯಾರಿಯನ್ನು ಕರೆದರು. ಉಮ್ಮರ್ ಬಿದಿರನ್ನು ನೋಡಿ ಬಾಯಿ ತೆರೆದ. ಭೋಜ ಕಣ್ಣು ಮಿಟುಕಿಸಿದ. ಉಮ್ಮರ್ ಬಾಯಿ ಮುಚ್ಚಿದ.

“ಇವರು ಹೇಳಿದ್ದು ನಾನು ಕೇಳಿದ್ದೇನೆ,” ಎಂದ ಉಮ್ಮರ್. “ಕೇಳಿದ್ದಕ್ಕೆ ಮಾತ್ರ ನನ್ನ ರುಜು.”

ಮಧ್ಯಾಹ್ನದ ಬಸ್ಸಿಗೆ ರವೂಫ್ ಸಾಹೇಬರು ಬಂದರು. ಕುತ್ತಿಗೆಯ ತನಕ ಗುಂಡಿ ಹಾಕಿದ ಬಿಳಿ ಅಂಗಿಯ ತೆಳ್ಳಗಿನ ಮನುಷ್ಯ, ಕೈಯಲ್ಲಿ ತಗಡಿನ ಪೆಟ್ಟಿಗೆ. ಹಳೆಯ ಕತ್ತಿ, ದೀಪ, ಬೀಗ ನೋಡಿ ಬೆಲೆ ಹೇಳುವುದೇ ಅವರ ಕಸುಬು. ಸುದ್ದಿ ತಿಳಿದು ಅರ್ಧ ಪೇಟೆ ಅಂಗಳದಲ್ಲಿ ನೆರೆದಿತ್ತು.

ಅವರು ನೋಡುವ ಕ್ರಮವೇ ಬೇರೆ. ಹೊರಗಿನ ಚಂದಕ್ಕೆ ಅವರು ಕಣ್ಣು ಹಾಕಲಿಲ್ಲ. ಮೊದಲು ಮೂಸಿದರು. ಆಮೇಲೆ ಬಾಯಿಯ ಅಂಚಿಗೆ ಬೆರಳು ಸವರಿದರು. ಬಾಣ ಎಳೆದೆಳೆದು ಅಂಚು ಒಂದು ಬದಿಯಲ್ಲಿ ಸವೆದಿರಬೇಕಂತೆ. ಕನ್ನಡಿಯಿಂದ ಬಿಸಿಲನ್ನು ತಳಕ್ಕೆ ಬಿಟ್ಟು ಇಣುಕಿದರು. ಬಾಣದ ಮೊನೆ ಕುಟ್ಟಿ ಕುಟ್ಟಿ ತಳದಲ್ಲಿ ಗುಳಿ ಬಿದ್ದಿರಬೇಕಂತೆ. ಹೆಗಲ ಪಟ್ಟಿಯ ತೂತು ನೋಡಿ ಬೇಟೆಗಾರ ಎಡಚನೋ ಬಲಚನೋ ಎಂದು ಹೇಳಿದರು. ಭೋಜ ಮಗ್ಗುಲಲ್ಲಿ ನಿಂತಿದ್ದ. ಹತ್ತು ವರ್ಷ ತಾನು ಗೋಡೆ ನೋಡಿದ್ದೆನೇ ಹೊರತು ಬತ್ತಳಿಕೆ ನೋಡಿಯೇ ಇರಲಿಲ್ಲ ಎಂದು ಅವನಿಗೆ ಅನಿಸಿತು.

ಕೊನೆಗೆ ಕೆಂಪು ಬತ್ತಳಿಕೆ ಅವರ ಕೈಗೆ ಬಂತು. ಮೂಸಿದರು, ಸೀನಿದರು. ತಳ ನೋಡಿದರು. ಮಖಮಲ್ಲಿನ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿದರು.

“ಒಳಗೆ ಅಡಿಕೆ ಹಾಳೆ,” ಎಂದರು ಮೆತ್ತಗೆ, ರೋಗಿಯ ಮನೆಯವರಿಗೆ ಹೇಳುವ ವೈದ್ಯರ ಹಾಗೆ. “ಮೂವತ್ತು ವರ್ಷ ಆಗಿರಬಹುದು. ವೇಷಕ್ಕೆ ಮಾಡಿದ್ದು. ಇದರಲ್ಲಿ ಒಂದು ಬಾಣವೂ ಕೂತದ್ದಿಲ್ಲ. ಕೂರಿಸಿದ್ರೆ ತಳ ಬಿದ್ದು ಹೋಗ್ತದೆ.”

ಭೋಜನ ಮುಖ ನೀರಿಗೆ ಬಿದ್ದ ಹಪ್ಪಳದಂತಾಯಿತು. ಸಾಹೇಬರಿಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಅವರ ಕಣ್ಣು ಮೂಲೆಯ ಬಿದಿರಿಗೆ ಬಿದ್ದಿತ್ತು. ಹಿಡಿಸೂಡಿಯನ್ನು ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟರು. ಮೂಸಿದರು. ಮತ್ತೊಮ್ಮೆ ಮೂಸಿದರು. ತಳಕ್ಕೆ ಬಿಸಿಲು ಬಿಟ್ಟು, ಅಂಗಳದವರು ಅಸಹನೆಯಿಂದ ಕೆಮ್ಮುವಷ್ಟು ಹೊತ್ತು ಇಣುಕಿದರು. ತಳದಲ್ಲಿ ಜಿಂಕೆಯ ತೊಗಲು, ಅದರ ತುಂಬ ಗುಳಿ. ವಿಷ ಹಚ್ಚಿದ ಬಾಣಗಳು ಬೇರೆಯವಕ್ಕೆ ತಾಗದಂತೆ ಒಳಗೊಂದು ಅಡ್ಡಗೋಡೆ. ಬಾಯಿಗೆ ಬೆತ್ತದ ಹೆಣಿಗೆ.

“ಈ ಹೆಣಿಗೆ ಹಾಕುವವರು ಈಗ ಇಲ್ಲ,” ಎಂದರು. “ಇಂಥದ್ದು ನಾನು ನೋಡಿದ್ದು ಇದು ಎರಡನೆಯದು. ಇನ್ನೂರು ವರ್ಷಕ್ಕೆ ಕಡಿಮೆ ಇಲ್ಲ. ಇನ್ನೂರೈವತ್ತು ರೂಪಾಯಿ ನಾನೇ ಕೊಡ್ತೇನೆ. ಯಾರದ್ದು ಇದು?”

ಭೋಜ ಬಾಯಿ ತೆರೆಯುವ ಮೊದಲೇ ಅಣ್ಣು ಶೆಟ್ಟರು ಕಾಗದ ಬಿಡಿಸಿದರು. “ಕುಟುಂಬದ್ದು. ಬರೆದ ಶಾಯಿ ಇನ್ನೂ ಒಣಗಲಿಲ್ಲ.” ಅಲ್ಲಿಯೇ ಮಣೆಯ ಮೇಲೆ ಲೆಕ್ಕ ಹಾಕಿದರು. ಕುಟುಂಬದಲ್ಲಿ ಇಪ್ಪತ್ತಮೂರು ತಲೆ, ತಲೆಗೆ ಹತ್ತು ರೂಪಾಯಿ ಹದಿಮೂರಾಣೆ ಚಿಲ್ಲರೆ. ಎಲ್ಲರ ಒಪ್ಪಿಗೆ ಆಗುವ ತನಕ ವಸ್ತು ಬೆಳುವಾಯಿಯಲ್ಲಿ ಇರತಕ್ಕದ್ದು.

ಭೋಜ ಉಮ್ಮರನನ್ನು ಅಂಗಳದ ಮೂಲೆಗೆ ಎಳೆದು, ನೆರಿಯದ ಸಂಗತಿ ಹೇಳಿಬಿಡಿ ಎಂದು ಬೇಡಿಕೊಂಡ.

“ಈಗ ಹೇಳಿದ್ರೆ ಬೆಳಗ್ಗೆ ನಾನು ಸುಳ್ಳಿಗೆ ರುಜು ಹಾಕಿದ ಹಾಗಾಯ್ತು,” ಎಂದ ಉಮ್ಮರ್. “ನನ್ನ ರುಜುವಿಗೆ ಮಂಗಳೂರಲ್ಲಿ ಸಾಲ ಹುಟ್ತದೆ. ನಿಮ್ಮ ರುಜುವಿಗೆ ಏನು ಹುಟ್ಟಿತು ನೋಡಿದ್ರಲ್ಲ. ಬಿಡಿ ಶೆಟ್ರೇ.”

ಅದಕ್ಕಿಂತ ಕಷ್ಟವಾದದ್ದು ಹೊಗಳಿಕೆ. ಬೇರೆ ಯಾರಾದರೂ ಆಗಿದ್ದರೆ ಬೆಲೆಯದ್ದನ್ನು ಅಡಗಿಸಿ, ಹಾಳೆಯದ್ದನ್ನು ಕುಟುಂಬಕ್ಕೆ ತೋರಿಸುತ್ತಿದ್ದರು ಎಂದು ಅಂಗಳವೆಲ್ಲ ಮಾತಾಡಿತು. ಇಷ್ಟು ಸಾಚಾ ಮನುಷ್ಯ ಸಿಕ್ಕಿದ ಮೇಲೆ ಪಾಲಿನ ಪಟ್ಟಿ ಬರೆಯಲು ಹೊರಗಿನವರು ಯಾಕೆ ಎಂದರು ಅಣ್ಣು ಶೆಟ್ಟರು. ಇನ್ನು ಮುಂದೆ ಪ್ರತಿ ಆದಿತ್ಯವಾರ ಭೋಜ ಬೆಳುವಾಯಿಗೆ ಬಂದು ಪಾತ್ರೆಪಗಡಿ ಎಣಿಸುವುದೆಂದು ತೀರ್ಮಾನವಾಯಿತು. ಸಂಬಳ ಇಲ್ಲ. ಸಾಚಾತನಕ್ಕೆ ಸಂಬಳ ಕೊಟ್ಟರೆ ಅದು ಕೆಡುತ್ತದಂತೆ. ಜಲಜಾಕ್ಷಿ ಹಿಡಿಸೂಡಿಯನ್ನು ಕೆಂಪು ಬತ್ತಳಿಕೆಯೊಳಗೆ ಇಟ್ಟು ಒಳಗೆ ಹೋದಳು.

ಸಂಜೆಯ ಬಸ್ಸಿನಲ್ಲಿ ಕಾಂತಕ್ಕನಿಗೆ ಭೋಜ ಕಿಟಕಿ ಬದಿಯ ಸೀಟು ಹಿಡಿದುಕೊಟ್ಟ. ಬಿದಿರಿನ ಬತ್ತಳಿಕೆ ಅವಳ ಮಡಿಲಲ್ಲಿ ಮಲಗಿತ್ತು. ಅಣ್ಣು ಶೆಟ್ಟರು ಮುಂದಿನ ಸೀಟಿನಲ್ಲಿ ಡ್ರೈವರನಿಗೆ ಕಾಯಿದೆ ವಿವರಿಸುತ್ತಿದ್ದರು. ಅಕ್ಕ ತಮ್ಮನನ್ನು ಕಿಟಕಿಯ ಹತ್ತಿರ ಕರೆದು ದನಿ ತಗ್ಗಿಸಿದಳು.

“ಆ ಕೆಂಪು ಮಖಮಲ್ಲು ನನ್ನ ಹಳೇ ಲಂಗದ್ದು. ಹೊಲಿದದ್ದೂ ನಾನೇ. ಮಾವ ಒಂದು ವರ್ಷ ಊರಿನ ಯಕ್ಷಗಾನ ಆಟದಲ್ಲಿ ಅರ್ಜುನನ ವೇಷ ಹಾಕಿದ್ರು. ನೀನು ಆಗ ತೊಟ್ಟಿಲಲ್ಲಿ.”

ಭೋಜ ಕಿಟಕಿಗೆ ಇನ್ನೂ ಹತ್ತಿರ ಬಂದ. “ಹಾಗಾದ್ರೆ ನಾನು ಬಿದಿರಿನದ್ದು ತೋರಿಸುವಾಗ ನಿಮಗೆ...”

“ಗೊತ್ತಿತ್ತು. ಮಾವನ ನೆನಪಿಗೆ ಅದು ನಿನಗೆ ಬೇಕು, ಕೇಳ್ಲಿಕ್ಕೆ ನಾಚಿಕೆ, ಅದಕ್ಕೆ ಸುಳ್ಳು ಹೇಳ್ತಾ ಇದ್ದೀ ಅಂತ ಗ್ರಹಿಸಿದೆ. ಹೋಗ್ಲಿ, ತಮ್ಮನಲ್ವಾ, ನಾಲ್ಕು ಜನರೆದುರು ಮಾನ ಯಾಕೆ ಕಳೆಯುವುದು ಅಂತ ಸುಮ್ಮನಾದೆ.”

ಭೋಜನ ಎದೆಯಲ್ಲಿ ದೀಪ ಹತ್ತಿತು. ಅವನು ಕಿಟಕಿಯೊಳಗೆ ಕೈ ಚಾಚಿದ. “ಅಕ್ಕ, ಹಾಗಾದ್ರೆ ಇದು ನನ್ನದೇ ಅಂತ ನಿಮಗೆ ಗೊತ್ತುಂಟಲ್ಲ.”

“ನನಗೆ ಗೊತ್ತುಂಟು ಮಾರಾಯ,” ಎಂದಳು ಕಾಂತಕ್ಕ, ಬತ್ತಳಿಕೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸುತ್ತ. “ಕಾಗದಕ್ಕೆ ಗೊತ್ತಿಲ್ಲ. ಈಗ ನಾನು ಹಿಂದೆ ಕೊಟ್ರೆ ಉಳಿದ ಇಪ್ಪತ್ತೊಂದು ಜನ ಏನು ಹೇಳಿಯಾರು? ಅಕ್ಕ ತಮ್ಮ ಸೇರಿ ಕುಟುಂಬದ ಸೊತ್ತು ನುಂಗಿದ್ರು ಅಂತ. ಅದೂ ನಿನಗೆ ಇವತ್ತು ಇಷ್ಟು ಒಳ್ಳೆ ಹೆಸರು ಬಂದ ಮೇಲೆ.”

ಕಂಡಕ್ಟರು ಬಂದು ಕಿಟಕಿಗೆ ತಟ್ಟಿದ. “ಏಜೆಂಟ್ರೇ, ಈ ಬಿದಿರಿನದ್ದಕ್ಕೆ ಲಗೇಜು ಚೀಟಿ ಆಗ್ಬೇಕು. ಯಾರ ಹೆಸರಿಗೆ?”

ಅಣ್ಣು ಶೆಟ್ಟರು ತಿರುಗಿ ನೋಡಿದರು. ಭೋಜ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಬಸ್ಸಿನ ಮೈಗೆ ಪುಸ್ತಕ ಒತ್ತಿ ಹಿಡಿದು ಬರೆದ: ‘ಬೆಳುವಾಯಿ ಕುಟುಂಬ. ಬತ್ತಳಿಕೆ, ಒಂದು.’ ಲಗೇಜಿನ ಮೂರಾಣೆಯನ್ನು ತನ್ನ ಕಿಸೆಯಿಂದಲೇ ಹಾಕಿ, ಸೀಟಿ ಊದಿದ.