ಪುಟ ಇನ್ನೂರ ಹನ್ನೆರಡು

ನಾನು ಆಸ್ಪತ್ರೆಯ ವಾರ್ಡ್ ಸಹಾಯಕ. ಹದಿನೆಂಟು ವರ್ಷಗಳಿಂದ ರೋಗಿಗಳನ್ನು ಎತ್ತಿ, ಇಳಿಸಿ, ಮಗ್ಗುಲು ಬದಲಿಸಿ ಸೊಂಟ ಸವೆಸಿಕೊಂಡವನು. ಇಂಥವನಿಗೆ ಈ ವಯಸ್ಸಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಓದು ಎಂದರೆ ಮೈ ಉರಿಯುವುದಿಲ್ಲವೇ, ನೀವೇ ಹೇಳಿ.

ಆದದ್ದಿಷ್ಟು. ನಮ್ಮಲ್ಲಿ ಹಿರಿಯ ಸಹಾಯಕನ ಹುದ್ದೆ ಖಾಲಿಯಾಯಿತು. ಅದು ಬೇಕೆನ್ನುವವರು ನಾಲ್ಕು ವಾರದ ತರಬೇತಿ ಮುಗಿಸಿ, ಕೊನೆಗೊಂದು ಪ್ರಬಂಧ ಬರೆದು ಪಾಸಾಗಬೇಕು. ನಾನೋ, ಹುದ್ದೆ ಸಿಕ್ಕೇಬಿಟ್ಟಿತೆಂದು ಬಂಧುಬಳಗಕ್ಕೆಲ್ಲ ಮೊದಲೇ ಡಂಗುರ ಸಾರಿದ್ದೆ. ಆರಿಸಿಕೊಂಡ ವಿಷಯ, ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು. ನನಗದು ನೀರು ಕುಡಿದಷ್ಟು ಸಲೀಸು.

ಅಡ್ಡಗಾಲು ಹಾಕಿದವರು ಪ್ರಬಂಧಗಳ ಆಧಾರ ಪರೀಕ್ಷಿಸುವ ಗ್ರಂಥಪಾಲಕಿ. ಕನ್ನಡಕದ ಮೇಲಿನಿಂದ ನೋಡುತ್ತ ಅಪ್ಪಣೆ ಕೊಡಿಸಿದರು: "ಬರೆದ ಪ್ರತಿ ಮಾತಿಗೂ ಆಧಾರ ಬೇಕು. ಯಾರು ಹೇಳಿದ್ದು, ಯಾವ ವರ್ಷ, ಯಾವ ಪುಸ್ತಕ, ಯಾವ ಪುಟ, ಎಲ್ಲಾ ಬ್ರಾಕೆಟ್‌ನಲ್ಲಿ ಬರೀರಿ."

"ನನಗೇ ಗೊತ್ತಿರೋದಾದ್ರೆ ಮೇಡಂ?"

"ನಿಮಗೆ ಹೇಗೆ ಗೊತ್ತಾಯ್ತು?"

"ಅನುಭವ," ಎಂದೆ ಗತ್ತಿನಿಂದ. ಅದು ಶುದ್ಧ ಸುಳ್ಳು (ನನ್ನ ಹೆಂಡತಿ, ಪ್ರತಿದಿನ, ಅಡುಗೆಮನೆ). ನಿಜ ಏನೆಂದರೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಎಲ್ಲವನ್ನೂ ಕಲಿಸಿದವರು ನಮ್ಮತ್ತೆ. ನಮ್ಮ ಜೊತೆಯೇ ಇರುವ ಅವರು ಮೂವತ್ತು ವರ್ಷ ಆಯಾ ಆಗಿದ್ದವರು. ನಮ್ಮ ಹಾಲ್‌ನಲ್ಲಿ ದಿಂಬುಗಳನ್ನು ರೋಗಿಯಂತೆ ಜೋಡಿಸಿ, "ಎಳೀಬೇಡಿ ಅಳಿಯಂದ್ರೇ, ಎತ್ತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ," ಎಂದು ತಿದ್ದಿದ್ದರು. ಆ ವಿದ್ಯೆಯನ್ನೇ ಅಂದಿನಿಂದ ನನ್ನ ಸ್ವಂತದ್ದೆಂದು ವಾರ್ಡಿನಲ್ಲಿ ಮೆರೆಸಿಕೊಂಡು ಬಂದಿದ್ದೆ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ 'ಬೆನ್ನು' ಎಂದು ಟೈಪ್ ಮಾಡಿದೆ. ನಲವತ್ತು ಸಾವಿರ ಫಲಿತಾಂಶ ಬಂತು. ಮೊದಲನೆಯದೇ ಕುದುರೆಯ ಬೆನ್ನು. "ಒಂದೇ ಪದ ಸಾಲದು, ಜೊತೆಗೆ ರೋಗಿ, ಹುಣ್ಣು, ಆರೈಕೆ ಅಂತ ಸೇರಿಸಿ," ಎಂದರು ಗ್ರಂಥಪಾಲಕಿ. ಅಷ್ಟರಲ್ಲಿ ನನ್ನ ತಾಳ್ಮೆ ಮುಗಿದು ಮನೆಗೆ ಬಂದಿದ್ದೆ.

"ರೀ, ಸುಮ್ನೆ ಅಮ್ಮನ ಹೆಸರು ಬರೀರಿ," ಎಂದಳು ಹೆಂಡತಿ.

"ನಿಮ್ಮಮ್ಮ ಏನು ಪುಸ್ತಕಾನಾ?"

"ಪುಸ್ತಕ ಆಗಿದ್ದಿದ್ರೆ ನೀವು ಮುಟ್ಟಿ ಕೂಡ ನೋಡ್ತಿರ್ಲಿಲ್ಲ ಬಿಡಿ."

ಅತ್ತೆಯ ಹೆಸರು ಬರೆಯುವುದೇ? ಹದಿನೆಂಟು ವರ್ಷದ ಗತ್ತು ಮಣ್ಣುಪಾಲಾಗದೇ? ಆಗಲೇ ನನ್ನ ತಲೆಯಲ್ಲಿ ಆ ದಿವ್ಯ ಉಪಾಯ ಹೊಳೆದದ್ದು. ಪುಸ್ತಕ ಸಿಗದಿದ್ದರೆ ಸೃಷ್ಟಿಸಿದರಾಯಿತು! 'ಶಯ್ಯಾಶುಶ್ರೂಷಾ ದೀಪಿಕೆ' ಎಂದು ನಾಮಕರಣ ಮಾಡಿದೆ. ಲೇಖಕರಾಗಿ ಎರಡು ಇನಿಷಿಯಲ್ ಇರುವ ಒಬ್ಬ ಡಾಕ್ಟರು ಅವತರಿಸಿದರು. ಅತ್ತೆಯ ಹನ್ನೊಂದು ಮಾತುಗಳನ್ನು ಅವರ ಬಾಯಿಗೆ ತುರುಕಿ, ಹನ್ನೊಂದು ಕಡೆಯೂ 'ಪುಟ ೨೧೨' ಎಂದು ಬರೆದೆ. (ಹನ್ನೊಂದು ಬೇರೆ ಬೇರೆ ಪುಟ ಕಲ್ಪಿಸಿಕೊಳ್ಳಲು ಸೋಮಾರಿತನ.)

ಪ್ರಬಂಧವನ್ನು ಗ್ರಂಥಪಾಲಕಿಯ ಕೈಗೆ ಒಪ್ಪಿಸಿ ವಾರ ಕಳೆಯಿತು. ಒಂದು ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ಅತ್ತೆ ನನ್ನ ಫೋನು ಹಿಡಿದು ಮಾತಾಡುತ್ತಿದ್ದರು.

"ಒಂದೇ ಪುಟದಲ್ಲಿ ಅಷ್ಟೊಂದು ವಿದ್ಯೇನಾ? ಒಂಬತ್ತು ಲೈಬ್ರರೀಲಿ ಹುಡುಕಿಸಿದ್ರಾ? ಅಯ್ಯೋ, ಎಲ್ಲಿ ಸಿಗತ್ತಮ್ಮಾ! ಎಳೀಬಾರದು, ಎತ್ತಬೇಕು ಅಂತ ಹೇಳಿಕೊಟ್ಟಿದ್ದು ನಾನೇ, ಈ ಹಾಲ್‌ನಲ್ಲೇ. ದಿಂಬು ಇನ್ನೂ ಇದೆ, ತರ್ಲಾ?"

ನಾನು ಟವೆಲ್ಲಿನಲ್ಲೇ ಬೆವತೆ. ಹುದ್ದೆ ಕಣ್ಣೆದುರೇ ಬಾಗಿಲು ದಾಟಿ ಹೋಗುತ್ತಿತ್ತು.

ಗ್ರಂಥಪಾಲಕಿ ನನ್ನನ್ನು ಕರೆಸಿ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಒಂದು ವಾರ ಕೊಡ್ತೀನಿ. ನಿಜವಾದ ಪುಸ್ತಕ ಹುಡುಕಿ, ನಿಜವಾದ ಗುರುವಿನ ಹೆಸರು ಬರೀರಿ," ಎಂದರಷ್ಟೆ. ಈ ಬಾರಿ ನಾಲ್ಕು ಪದ ಸೇರಿಸಿ ಹುಡುಕಿದೆ, ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಓದಿದೆ. ತೆರೆದ ಪುಸ್ತಕದಲ್ಲೆಲ್ಲ ಅತ್ತೆಯದೇ ಮಾತು! ಆ ದೊಡ್ಡ ದೊಡ್ಡ ತಜ್ಞರು ಹೇಳಿದ್ದನ್ನು ನಮ್ಮತ್ತೆ ಏನೂ ಓದದೆ ಕೈಯಲ್ಲೇ ತಿಳಿದಿದ್ದರು. ನನಗೆ ನಿಜವಾಗಿ ನಾಚಿಕೆಯಾಯಿತು. ಹನ್ನೊಂದು ಕಡೆಯೂ ಅವರ ಹೆಸರು ಬರೆದು, ಪಕ್ಕದಲ್ಲಿ ಪುಸ್ತಕದ ಪುಟವನ್ನೂ ಕೊಟ್ಟೆ. ಪಾಸಾದೆ. ಹುದ್ದೆಯೂ ಬಂತು.

ಇಲ್ಲಿಗೆ ಮುಗಿದಿದ್ದರೆ ನಾನು ಅದೃಷ್ಟವಂತ. ಪ್ರಬಂಧ ಓದಿದ ತರಬೇತಿಯವರು ಮುಂದಿನ ತಂಡಕ್ಕೆ ಪಾಠ ಹೇಳಲು ಅತ್ತೆಯನ್ನೇ ಕರೆದರು. ಅತ್ತೆ ಬಂದರು, ದಿಂಬು ಬೇಡವೆಂದರು. "ಹಿರಿಯ ಸಹಾಯಕರೇ ಇದ್ದಾರಲ್ಲ, ಮಲಗಲಿ."

ನಲವತ್ತು ಜನರೆದುರು ಮಂಚದ ಮೇಲೆ ಮಲಗಿದೆ. ಅತ್ತೆ ನನ್ನನ್ನು ಹೂವಿನಂತೆ ಎತ್ತಿ ಎಡಮಗ್ಗುಲಿಗೆ ತಿರುಗಿಸಿದರು. ಹಿಂದಿನ ಸಾಲಿನಲ್ಲಿ ಗ್ರಂಥಪಾಲಕಿ, ಪಕ್ಕದಲ್ಲಿ ನನ್ನ ಹೆಂಡತಿ.

"ಈ ವಿದ್ಯೆಗೆ ಆಧಾರ ಯಾರು ಅಂತ ಹೇಳಿ ಅಳಿಯಂದ್ರೇ," ಎಂದರು ಅತ್ತೆ.

"ನೀವೇ ಅತ್ತೆ," ಎಂದೆ, ಕೆನ್ನೆ ಹಾಸಿಗೆಗೊತ್ತಿ.

"ಜೋರಾಗಿ ಹೇಳಿ, ಎಲ್ಲರಿಗೂ ಕೇಳ್ಲಿ. ಪುಟ?"

"ಇನ್ನೂರ ಹನ್ನೆರಡು."