ಚರ್ಮ ತೋರಿಸುವ ಕರಾರು

ಹೆಂಡತಿ ಸುಂಕಮ್ಮ ತವರಿಗೆ ಹೋದದ್ದೇ ತಡ, ಸೋಮಪ್ಪ ಆಕೆ ಮಗುವಿನಂತೆ ಸಾಕಿದ್ದ ಟಗರನ್ನು ಸಂತೆಯಲ್ಲಿ ಮಾರಿ, ತಂಬ್ರಹಳ್ಳಿ ಫುಟ್‌ಬಾಲ್ ತಂಡಕ್ಕೆ ಹೊಸ ಚೆಂಡು ತಂದುಬಿಟ್ಟ. ತಂಡದ ಕಾರ್ಯದರ್ಶಿಗಿರಿ ಅವನ ತಲೆಗೆ ಅಷ್ಟು ಏರಿತ್ತು. ತಂಡ ಮೊದಲ ಪಂದ್ಯದಲ್ಲೇ ಸೋತಿತು. ಸುಂಕಮ್ಮ ಇವತ್ತು ಸಂಜೆಯ ಬಸ್ಸಿಗೆ ಬರುವವಳಿದ್ದಳು.

ಬೆಳಿಗ್ಗೆ ದೇವರೇ ಒಂದು ದಾರಿ ತೋರಿಸಿದ. ಹಡಗಲಿಯಲ್ಲಿ ಇವತ್ತೇ ಇದ್ದ ಫೈನಲ್ಲಿಗೆ ಬಹುಮಾನ ಒಂದು ಕಪ್, ಒಂದು ಟಗರು. ಪಂದ್ಯದವರು ಸಂತೆಯಲ್ಲಿ ಕೊಂಡಿದ್ದ, ಬೆನ್ನ ಮೇಲೆ ಬಿಳಿ ಮಚ್ಚೆಯ ಆ ಕರಿ ಟಗರು ಸುಂಕಮ್ಮನದೇ! ಫೈನಲ್ ಆಡಬೇಕಿದ್ದ ಮಾಗಳದ ತಂಡದಲ್ಲಿ ಗೋಲು ಹೊಡೆಯುವವನಿಗೆ ದಡಾರ ಎದ್ದಿತ್ತು. ಅವರ ಮುಖಂಡ, ಕುರಿಗಾರ ದೊಡ್ಡಬೀರಪ್ಪ, ತಂಬ್ರಹಳ್ಳಿಯ ಎಳೆ ಹುಡುಗ ಓಬಳೇಶನನ್ನು ಒಂದು ದಿನಕ್ಕೆ ಎರವಲು ಕೇಳಲು ಬಂದ.

"ಕೊಡ್ತೀನ್ರಿ. ಗೆದ್ರ ಕಪ್ ನಿಮ್ದು, ಟಗರು ನಂದು," ಅಂದ ಸೋಮಪ್ಪ.

"ಆತು. ಕುರಿ ಸಾಕಾಕ ಕೊಟ್ಟಂಗ ಕರಾರು. ಹುಡುಗನ ಮೇವು ನಮ್ದು. ಟಗರು ನಿಮ್ಮ ಕೈಗೆ ಮುಟ್ಟಾಕ ಮೊದ್ಲ ಸತ್ರ ಚರ್ಮ ತೋರಿಸ್ತೀವಿ, ಮತ್ತ ಕೇಳಂಗಿಲ್ಲ."

ಅಷ್ಟರಲ್ಲಿ ಓಬಳೇಶನ ತಾಯಿ ದುರುಗಮ್ಮ ಸೋಮಪ್ಪನಿಗೆ ಅಡ್ಡ ಬಂದಳು. "ನನ್ನ ಮಗನ ಕಾಲಿಗೆ ಏನರ ಆದ್ರ, ವಾಸಿ ಆಗಾಮಟ ನಿಮ್ಮನಿಯಾಗ ಉಣ್ತಾನ ನೋಡ್ರಿ!"

ಓಬಳೇಶ ಉಣ್ಣುವುದನ್ನು ಊರೇ ಕಂಡಿತ್ತು. ಆದರೂ ಸೋಮಪ್ಪ ಎರಡಕ್ಕೂ ತಲೆಯಾಡಿಸಿದ.

ಮೈದಾನದಲ್ಲಿ ಯಾರ ಕಾಲು ಎದ್ದರೂ ಸೋಮಪ್ಪನಿಗೆ ಓಬಳೇಶನ ತಟ್ಟೆಯೇ ಕಣ್ಣಿಗೆ ಕಟ್ಟುತ್ತಿತ್ತು. "ಮೆಲ್ಲಕ ಓಡಲೇ!" ಎಂದು ಇವನು, "ಜೋರ್ ಓಡಲೇ!" ಎಂದು ದೊಡ್ಡಬೀರಪ್ಪ. ಯಾರ ಮಾತು ಕೇಳುವುದೆಂದು ತಿಳಿಯದೆ ಓಬಳೇಶ ಗಕ್ಕನೆ ನಿಂತ. ಎಲ್ಲಿಂದಲೋ ಬಂದ ಚೆಂಡು ಅವನ ಮೊಣಕಾಲಿಗೆ ಬಡಿದು ಗೋಲಿನೊಳಗೆ ಹೋಯಿತು. ಹಿಂದೆಯೇ ಎದುರಾಳಿಯೊಬ್ಬ ಅವನ ಪಾದದ ಮೇಲೆ ದೊಪ್ಪನೆ ಬಿದ್ದ.

ಮಾಗಳ ಗೆದ್ದಿತು. ಸೋಮಪ್ಪ ಉಳುಕು ತೆಗೆಯುವವರನ್ನು ಹುಡುಕಿ ಕರೆತರುವಷ್ಟರಲ್ಲಿ ಮಾಗಳದವರ ಹಂಡೆ ಕುದಿಯುತ್ತಿತ್ತು.

"ಟಗರು ಎಲ್ಲಿ?"

"ನಿಮ್ಮ ಹುಡುಗ ಬಾಡೂಟ ಬೇಕಂದ. ಮೇವು ನಮ್ದಲ್ಲ?" ದೊಡ್ಡಬೀರಪ್ಪ ಚರ್ಮ ಕೈಗಿಟ್ಟ. "ಕರಾರು ಕರಾರೇ."

ಸೋಮಪ್ಪ ಬಯ್ಯಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಚರ್ಮ ತೋರಿಸಿದರೆ ತನ್ನನ್ನು ಸುಂಕಮ್ಮನೂ ಕೇಳುವಂತಿಲ್ಲವಲ್ಲ!

ಸಂಜೆ ಸುಂಕಮ್ಮ ಚರ್ಮದ ಮೇಲಿನ ಬಿಳಿ ಮಚ್ಚೆ ಸವರುತ್ತ ಅತ್ತಳು. "ಬ್ಯಾನಿ ಬಂದು ಸತ್ರ ನೀವರ ಏನ್ ಮಾಡ್ತೀರಿ? ನಿಮ್ದೇನ ತಪ್ಪೈತಿ ಬಿಡ್ರಿ." ಸೋಮಪ್ಪನೂ ಕಣ್ಣೊರೆಸಿಕೊಂಡ. ಸುಳ್ಳು ಹೇಳಿದವನಿಗೆ ನಿಜವಾಗಿಯೂ ಅಳು ಬಂದಿತ್ತು.

ಆಗ ಓಬಳೇಶ ಕುಂಟುತ್ತ ಬಂದ. ಒಂದು ಕೈಯಲ್ಲಿ ಡಬ್ಬಿ, ಬಗಲಲ್ಲಿ ಹಾಸಿಗೆ.

"ಅಕ್ಕಾ, ಮಾಗಳದೋರು ಬಾಡು ಕಳಿಸ್ಯಾರ. ಅಣ್ಣ ಚೆಂಡಿಗಂತ ಮಾರಿದ್ದ ನಿಮ್ಮ ಟಗರು, ಭಾಳ ರುಚಿ ಐತಿ. ಕಾಲು ವಾಸಿ ಆಗಾಮಟ ನನ್ನ ಊಟ ಇಲ್ಲೇ ಅಂತ."

ಸುಂಕಮ್ಮ ಕಣ್ಣೀರು ಒರೆಸಿಕೊಂಡು ಒಳಗೆ ಹೋಗಿ ಎರಡು ತಟ್ಟೆ ತಂದಳು. ಓಬಳೇಶನ ತಟ್ಟೆಗೆ ಬಾಡು ಬಡಿಸಿದಳು. ಗಂಡನ ತಟ್ಟೆಗೆ ಮೂಲೆಯಲ್ಲಿದ್ದ ಹೊಸ ಚೆಂಡನ್ನು ತಂದಿಟ್ಟಳು.

"ಉಣ್ರಿ," ಅಂದಳು.