ಕಬಾಸೊ ಕಾರಿಗೆ ಹೊಳಪು ಕೊಟ್ಟದ್ದು

ಮದುಮಗಳನ್ನು ಚರ್ಚಿಗೆ ಕರೆದೊಯ್ಯಬೇಕಾಗಿದ್ದ ಕಾರು ಸಾವಿನ ಮನೆಗೆ ಹೊರಟುಹೋಗಿತ್ತು. ಬಾಡಿಗೆಗೆ ಗೊತ್ತು ಮಾಡಿದ್ದ ಆ ಬಿಳಿ ಕಾರಿನ ಮಾಲೀಕನ ದೊಡ್ಡಪ್ಪ ಬೆಳಗಿನ ಜಾವ ತೀರಿಕೊಂಡನಂತೆ. ಮದುವೆ ಮಧ್ಯಾಹ್ನಕ್ಕೆ. ಗಣಿಯೂರು ಲುವಾನ್ಶ್ಯಾದ ಆ ಬೀದಿಯ ತುದಿಮನೆಯ ಅಂಗಳದಲ್ಲಿ ಹೆಂಗಸರೆಲ್ಲ ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗ, ಬೇಲಿಯ ಹೊರಗಿದ್ದ ಎವಾರಿಸ್ಟೋ ಕಬಾಸೊ ಯಾರೂ ಕೇಳದೆಯೇ ಬಾಯಿ ಬಿಟ್ಟ.

"ನನ್ನ ಕಾರಿದೆಯಲ್ಲ."

ಅಳುತ್ತ ಕೂತಿದ್ದ ಮದುಮಗಳು ಪ್ರಿಸ್ಕಾ ಅಳು ನಿಲ್ಲಿಸಿ ನಕ್ಕುಬಿಟ್ಟಳು. ನಗುವಂಥದ್ದೇ ಆಗಿತ್ತು. ಕಬಾಸೊನ ಕಾರು ಹುಟ್ಟಿದಾಗ ಕಡುನೀಲಿಯಾಗಿತ್ತಂತೆ. ಗಣಿಯ ಕೆಂಪು ಧೂಳು ಕುಡಿದು ಕುಡಿದು ಈಗ ಒಣಮೀನಿನ ಬಣ್ಣಕ್ಕೆ ಬಂದಿತ್ತು. ಬೀದಿಯ ಮಕ್ಕಳು ಅದರ ಬೆನ್ನ ಮೇಲೆ ಬೆರಳಿನಿಂದ ಮಗ್ಗಿ ಬರೆಯುತ್ತಿದ್ದರು.

"ಬಣ್ಣ ಸತ್ತಿಲ್ಲ, ಮಲಗಿದೆ ಅಷ್ಟೆ," ಅಂದ ಕಬಾಸೊ. "ಕೈಯಾರೆ ವ್ಯಾಕ್ಸ್ ಹಚ್ಚಿ ಎಬ್ಬಿಸ್ತೀನಿ. ಪ್ರಿಸ್ಕಾ ಅದರ ಬಾಗಿಲಲ್ಲಿ ಮುಖ ನೋಡ್ಕೊಂಡು ಹೂ ಸರಿಮಾಡ್ಕೋಬೇಕು, ಹಾಗೆ ಹೊಳೆಯುತ್ತೆ."

ಅಂಚೆ ಕಚೇರಿಯಲ್ಲಿ ಕೂತು ದಿನವಿಡೀ ಮುದ್ರೆ ಒತ್ತುವ ಕೈ ಅದು. ವ್ಯಾಕ್ಸ್ ಯಾವ ಲೆಕ್ಕ ಎಂಬುದು ಅವನ ಧೈರ್ಯ. ಆದರೆ ಅಸಲು ಆಸೆ ಬೇರೆಯೇ ಇತ್ತು. ಮದುಮಗಳು ಅವನ ಹೆಂಡತಿಯ ತಂಗಿ, ಆ ತುದಿಮನೆ ಮಾವನದು. ಹೆಂಡತಿಯ ಮನೆಯವರು ಕೋಳಿ ಮಾಡಿ ಬಡಿಸಿ, ಶಾಸ್ತ್ರ ಮಾಡಿ ಒಳಗೆ ಕರೆಯುವ ತನಕ ಅಳಿಯನಾದವನು ಅತ್ತೆಯ ಎದುರು ನಿಲ್ಲುವಂತಿಲ್ಲ, ಜೊತೆಗೆ ಕೂರುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಕಬಾಸೊನ ಮಗಳು ಲೊಂಬೆ ಶಾಲೆಗೆ ಸೇರಿ, ಹಾಲುಹಲ್ಲು ಬಿದ್ದು, ಹೊಸ ಹಲ್ಲೂ ಬಂದಿತ್ತು. ಅವನನ್ನು ಮಾತ್ರ ಇನ್ನೂ ಯಾರೂ ಒಳಗೆ ಕರೆದಿರಲಿಲ್ಲ. ಅವನ ನಂತರ ಮದುವೆಯಾದ ಅಳಿಯಂದಿರು ಅತ್ತೆಯ ಕೈಯ ಮೆಕ್ಕೆಜೋಳದ ಮುದ್ದೆ ನ್ಶಿಮಾ ಉಂಡು ತೇಗುತ್ತಿದ್ದರೆ, ಇವನು ಬೇಲಿಯ ಹೊರಗಿನಿಂದ ವಾಸನೆ ಹಿಡಿಯುತ್ತಿದ್ದ. ಇವತ್ತು ಆ ಕಾರು ಹೊಳೆದರೆ ಅತ್ತೆಯ ಮನಸ್ಸು ಕರಗುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಮನೆಗೆ ಬಂದವನೇ ಕಾರು ತೊಳೆದು, ವ್ಯಾಕ್ಸಿನ ಡಬ್ಬಿ ತೆರೆದ. ಪಕ್ಕದ ಮನೆಯ ಕಟೆಬೆ ಗೋಡೆಗೆ ಒರಗಿ ನಿಂತಿದ್ದ. ಕಟೆಬೆ ವಿಮಾ ಏಜೆಂಟ್. ಕರಿ ಸೂಟಿಲ್ಲದೆ ಅವನನ್ನು ಯಾರೂ ನೋಡಿದವರಿಲ್ಲ. ಕಾರು ಅವನಿಗಿರಲಿಲ್ಲ, ಕಾರಿನ ಬಗ್ಗೆ ಗೊತ್ತಿಲ್ಲದ್ದೂ ಏನಿರಲಿಲ್ಲ.

"ಬಾಶಿ ಲೊಂಬೆ," ಎಂದ. ಲೊಂಬೆ ಹುಟ್ಟಿದ ಮೇಲೆ ಬೀದಿಗೆಲ್ಲ ಕಬಾಸೊ ಲೊಂಬೆಯ ಅಪ್ಪ, ಅಂದರೆ ಬಾಶಿ ಲೊಂಬೆಯೇ. "ಚೂರು ಚೂರೇ ಹಚ್ಚಿ ಒರೆಸ್ತಾ ಕೂತ್ರೆ ಮದುಮಗಳಿಗೆ ಮೊಮ್ಮಕ್ಕಳಾಗ್ತವೆ. ಇಡೀ ಕಾರಿಗೆ ಒಂದೇ ಸಲ ಬಳೀರಿ, ಒಂದೇ ಸಲ ಒರೆಸಿ."

"ನಾನೂ ಅದನ್ನೇ ಯೋಚಿಸಿದ್ದೆ," ಅಂದ ಕಬಾಸೊ. ಅವನು ಯೋಚಿಸಿರಲಿಲ್ಲ. ಆದರೆ ಸ್ವಲ್ಪ ಹಚ್ಚಿದರೆ ಸ್ವಲ್ಪ ಹೊಳೆಯುವುದಾದರೆ ಜಾಸ್ತಿ ಹಚ್ಚಿದರೆ ಜಾಸ್ತಿ ಹೊಳೆಯಬೇಕಲ್ಲವೆ ಎಂಬ ಲೆಕ್ಕ ಅವನದೇ. ಬ್ರೆಡ್ಡಿಗೆ ಬೆಣ್ಣೆ ಮೆತ್ತಿದಂತೆ ಮೆತ್ತಿದ.

ಬಿಸಿಲು ಏರಿತ್ತು. ಕಾರಿನ ತಗಡು ಬಾಣಲೆಯಂತೆ ಕಾದಿತ್ತು. ಅವನು ಹಿಂಬದಿಗೆ ಮೆತ್ತಿ ಮುಗಿಸುವಷ್ಟರಲ್ಲಿ ಮುಂಬದಿಯದು ಒಣಗಿ, ಪಾತ್ರೆಯ ತಳಕ್ಕೆ ಹತ್ತಿದ ನ್ಶಿಮಾದಂತೆ ಬೆಳ್ಳಗೆ ಗಟ್ಟಿಯಾಗಿ ಕೂತಿತು. ಬಟ್ಟೆಯಿಂದ ಉಜ್ಜಿದರೆ ಬಟ್ಟೆ ಹರಿಯಿತು, ವ್ಯಾಕ್ಸ್ ಅಲ್ಲಾಡಲಿಲ್ಲ.

"ಒರೆಸೋದು ನಿಮ್ಮ ಭಾಗ," ಅಂದ ಕಟೆಬೆ. "ನಾನು ಬಳಿಯೋದರ ಬಗ್ಗೆ ಮಾತ್ರ ಹೇಳಿದ್ದು."

ಎದುರುಗಡೆ ಒಲೆ ಹೂಡಿ ಹಿಟ್ಟಿನ ಉಂಡೆ ಕರಿದು ಮಾರುವ ಬನಾ ಚೋಲಾ ಎಲ್ಲವನ್ನೂ ನೋಡುತ್ತಿದ್ದಳು. ಸೌಟು ಹಿಡಿದೇ ಎದ್ದು ಬಂದಳು. "ಅಂಟಿದ್ದನ್ನ ಬಿಡಿಸೋಕೆ ಎಣ್ಣೆಗಿಂತ ಮದ್ದು ಇದೆಯೇನಪ್ಪ? ನನ್ನ ಬಾಣಲೆ ಎಣ್ಣೆ ತಗೋ. ನಿನ್ನೆಯದೇ, ಚೆನ್ನಾಗಿದೆ."

ಕಬಾಸೊ ಎಣ್ಣೆ ಸುರಿದ. ನಿಜಕ್ಕೂ ವ್ಯಾಕ್ಸ್ ಮೆತ್ತಗಾಗತೊಡಗಿತು. ಅವನು ಗೆದ್ದವನಂತೆ ಕಟೆಬೆಯತ್ತ ನೋಡುವ ಹೊತ್ತಿಗೆ ಸರಿಯಾಗಿ ಗಣಿಯ ಲಾರಿಯೊಂದು ಬೀದಿಯಲ್ಲಿ ಹಾದುಹೋಯಿತು. ಎದ್ದ ಕೆಂಪು ಧೂಳು ಅಡಗಿದಾಗ ಅಲ್ಲಿ ಕಾರು ಇರಲಿಲ್ಲ. ಕಾರಿನ ಆಕಾರದ ದೊಡ್ಡದೊಂದು ಉಂಡೆಯಿತ್ತು, ಹಿಟ್ಟಿನಲ್ಲಿ ಹೊರಳಿಸಿ ಕರಿಯುವುದಕ್ಕೆ ಇಟ್ಟ ಹಾಗೆ.

"ಬಾಶಿ ಲೊಂಬೆ, ನಿಮ್ಮ ಅತ್ತೆ," ಅಂದ ಕಟೆಬೆ.

ಬೀದಿಯ ಆ ತುದಿಯಿಂದ ಅತ್ತೆ ಬರುತ್ತಿದ್ದಳು. ಓಡುವುದಕ್ಕೆ ದಾರಿಯಿರಲಿಲ್ಲ. ಕಬಾಸೊ ನೆಲಕ್ಕೆ ಬಿದ್ದು ಕಾರಿನ ಕೆಳಗೆ ತೂರಿಕೊಂಡ. ಅತ್ತೆ ಬಂದು ನಿಂತಳು, ಕಾರನ್ನು ನೋಡಿದಳು, ಕಾರಿನ ಕೆಳಗಿನಿಂದ ಚಾಚಿದ್ದ ಎರಡು ಪಾದಗಳನ್ನೂ ನೋಡಿದಳು. ಮರ್ಯಾದೆಗೆ ಬೆನ್ನು ತಿರುಗಿಸಿ ಬನಾ ಚೋಲಾಳ ಒಲೆಯತ್ತ ಮುಖ ಮಾಡಿದಳು.

"ನಾನು ಯಾರ ಹತ್ರಾನೂ ಮಾತಾಡ್ತಿಲ್ಲ ಬನಾ ಚೋಲಾ. ನಿನ್ನ ಬಾಣಲೆ ಹತ್ರ ಹೇಳ್ತಿದ್ದೀನಿ. ನನ್ನ ಮಗಳು ಕರಿದ ಉಂಡೆ ಒಳಗೆ ಕೂತು ಚರ್ಚಿಗೆ ಹೋಗಲ್ಲ."

ಕಾರಿನ ಕೆಳಗಿನಿಂದ ಧ್ವನಿ ಬಂತು. "ಬನಾ ಚೋಲಾ, ಬಾಣಲೆ ಪರವಾಗಿ ನೀವೇ ಹೇಳಿಬಿಡಿ. ಮಧ್ಯಾಹ್ನದೊಳಗೆ ಕನ್ನಡಿ ಆಗುತ್ತೆ, ಭಯ ಬೇಡ ಅನ್ನಿ."

"ಆಗದೇ ಇದ್ರೆ ಮದುಮಗಳು ನಡ್ಕೊಂಡು ಹೋಗ್ತಾಳೆ," ಅಂದಳು ಅತ್ತೆ ಬಾಣಲೆಗೆ. "ಆ ಅವಮಾನ ಯಾರ ತಲೆಗೆ ಬರುತ್ತೆ ಅಂತ ಬಾಣಲೆಗೆ ಗೊತ್ತಿರುತ್ತೆ."

ಅವಳು ಹೋದ ಮೇಲೆ ಕಬಾಸೊ ಹೊರಗೆ ಬಂದ. ಮೂಗಿನ ಮೇಲೆ ಎಣ್ಣೆ, ಕೂದಲಲ್ಲಿ ವ್ಯಾಕ್ಸ್. ಹೆಂಡತಿ ಅಸ್ಟ್ರಿಡಾ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ತೆಳ್ಳಗೆ ಹಚ್ಚಿ ಅಂತ ಡಬ್ಬಿ ಮೇಲೇ ಇದೆ. ನಮ್ಮ ಮದುವೇಲಿ ನನ್ನ ಮುಖಕ್ಕೆ ಪೌಡರು ಹೀಗೆ ಮೆತ್ತಿದ್ರೆ ನೀವು ಹಿಂದಿನ ಬಾಗಿಲಿಂದ ಓಡ್ತಿದ್ರಿ."

"ಇನ್ನೂ ಹೊತ್ತಿದೆ," ಅಂದ ಕಬಾಸೊ.

"ಇದೆ. ಯಾರ ಮಾತೂ ಕೇಳದೇ ಇದ್ರೆ."

ಬಿಸಿನೀರು, ಸೋಪು ಬಂತು. ಎಣ್ಣೆ, ಧೂಳು, ವ್ಯಾಕ್ಸು ಎಲ್ಲವೂ ಚರಂಡಿ ಪಾಲಾಯಿತು. ಕಾರನ್ನು ಮಾವಿನ ಮರದ ನೆರಳಿಗೆ ತಳ್ಳಿ, ತಗಡು ತಣ್ಣಗಾಗುವ ತನಕ ಕಬಾಸೊ ಉಗುರು ಕಚ್ಚುತ್ತ ಕೂತ. ಆಮೇಲೆ ಲೊಂಬೆ ಮಗುವಾಗಿದ್ದಾಗಿನ ಮೆತ್ತನೆ ಬಟ್ಟೆ ತೆಗೆದುಕೊಂಡು, ಅದಕ್ಕೆ ಕಡಲೆಕಾಯಿ ಬೀಜದಷ್ಟು ವ್ಯಾಕ್ಸ್ ಒತ್ತಿ, ಒಂದು ಬಾಗಿಲಿಗಷ್ಟೇ ಹಚ್ಚಿದ. ಮಗುವಿನ ಹೊಟ್ಟೆ ನೀವುವ ಹಾಗೆ ಸುತ್ತಿ ಸುತ್ತಿ ತಿಕ್ಕಿದ. ಮಂಜು ಕವಿದಂತೆ ಮಸುಕಾದಾಗ ಬೆರಳಿನಿಂದ ಎಳೆದು ನೋಡಿದ. ಬೆರಳ ಗುರುತು ನಿಚ್ಚಳವಾಗಿ ಬಿತ್ತು. ಒಣ ಬಟ್ಟೆಯಿಂದ ಒರೆಸಿದ.

ಬಾಗಿಲೊಳಗಿನಿಂದ ಒಂದು ಮಾವಿನ ಮರ ಅವನನ್ನು ನೋಡಿತು. ಅದರ ಕೆಳಗೆ ಬಾಯಿ ತೆರೆದು ನಿಂತ ಕಬಾಸೊ ಇದ್ದ.

"ಉತ್ತರ ದಕ್ಷಿಣವಾಗಿ ತಿಕ್ಕಿದ್ರೆ ಇನ್ನೂ..." ಎಂದು ಕಟೆಬೆ ಶುರು ಮಾಡಿದ. ಅಸ್ಟ್ರಿಡಾ ಅವನತ್ತ ನೋಡಿದಳು. ಕಟೆಬೆ ಟೈ ಸರಿಮಾಡಿಕೊಂಡ.

ಒಂದು ಬಾಗಿಲಾದ ಮೇಲೆ ಇನ್ನೊಂದು, ಆಮೇಲೆ ಚಾವಣಿ, ಆಮೇಲೆ ಮುಂಬದಿ. ತೋಳು ಕಳಚಿಬೀಳುವಂತಿದ್ದರೂ ಕಬಾಸೊ ಶಿಳ್ಳೆ ಹಾಕುತ್ತಿದ್ದ. ಮಲಗಿದ್ದ ನೀಲಿ ಎದ್ದಿತು. ಎದ್ದದ್ದಷ್ಟೇ ಅಲ್ಲ, ಮೈಮುರಿದು ನಕ್ಕಿತು. ಬೀದಿಯ ಜನ ಬಂದು ಬಂದು ಕಾರಿನಲ್ಲಿ ಹಲ್ಲು ನೋಡಿಕೊಂಡು ಹೋದರು. ಅವನು ಸೂಟು ತೊಟ್ಟು, ಅದರ ಬಾಗಿಲಿನಲ್ಲೇ ತಲೆ ಬಾಚಿಕೊಂಡು, ಗಾಡಿಯನ್ನು ಮಾವನ ಮನೆಯ ಮುಂದೆ ತಂದು ನಿಲ್ಲಿಸಿದ.

ಪ್ರಿಸ್ಕಾ ಬಂದು, ಕಾರಿನ ಮುಂಬಾಗಿಲಿಗೆ ಬಾಗಿ, ತಲೆಯ ಹೂ ಸರಿಮಾಡಿಕೊಂಡಳು. ಬೇಲಿಯಾಚೆ ಅತ್ತೆ ಎರಡೂ ಕೈಗಳನ್ನು ಬಾಯಿಯ ಮೇಲಿಟ್ಟುಕೊಂಡಳು. ಕಬಾಸೊನ ಎದೆ ಸೂಟಿನ ಗುಂಡಿಗಳನ್ನು ತಳ್ಳಿತು.

ಅಸ್ಟ್ರಿಡಾಳ ಅಜ್ಜಿ ಫೆಲಿಸ್ಟಸ್ ಕೋಲೂರಿಕೊಂಡು ಅವನ ಬಳಿ ಬಂದಳು. ಅಜ್ಜಿಯರಿಗೆ ಆ ಕಟ್ಟುಪಾಡಿಲ್ಲ. ಮೊಮ್ಮಗಳ ಗಂಡನನ್ನು ತಮ್ಮ ಗಂಡನೆಂದೇ ಕರೆದು ರೇಗಿಸುವವರು ಅವರು.

"ನನ್ನ ಗಂಡಾ, ಗೆದ್ದೆ ಕಣೋ. ನನ್ನ ಮಗಳಿಗೆ, ನಿನ್ನ ಅತ್ತೆಗೆ, ಈ ಕಾರು ಎಷ್ಟು ಹಿಡಿಸಿದೆ ಅಂದ್ರೆ, ಪ್ರಿಸ್ಕಾ ಪಕ್ಕ ಅವಳೇ ಕೂತು ಹೋಗ್ತಾಳಂತೆ."

"ಸಂತೋಷ ಅಜ್ಜಿ. ಕೂರಲಿ ಕೂರಲಿ."

"ಹಾಗಾದ್ರೆ ಇಳಿ."

ಕಬಾಸೊಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅತ್ತೆ ಕೂತ ಕಾರಿನಲ್ಲಿ ಅಳಿಯ ಕೂರುವುದೆಂತು? ಅವನು ಇಳಿದ. ಸುತ್ತ ನೋಡಿದರೆ ಕಾರು ಓಡಿಸಬಲ್ಲವನೂ, ಆ ಕಾರಿಗೆ ಒಪ್ಪುವಂಥ ಸೂಟು ತೊಟ್ಟವನೂ ಒಬ್ಬನೇ ಇದ್ದ. ಕಟೆಬೆ ಬೀಗದ ಕೈಗಾಗಿ ಆಗಲೇ ಕೈ ಚಾಚಿದ್ದ.

ಕಬಾಸೊ ಅಡುಗೆಯ ಹಂಡೆಗಳು, ಡೋಲುಗಳು ತುಂಬಿದ ಲಾರಿಯ ಹಿಂದೆ ಹತ್ತಿ ಹೋದ. ಚರ್ಚಿನ ಮುಂದೆ ಜನ ಕಟೆಬೆಯ ಕೈ ಕುಲುಕುತ್ತಿದ್ದರು. "ಎಂಥ ಕಾರು ಸ್ವಾಮಿ," ಎಂದು ಯಾರೋ ಅಂದದ್ದಕ್ಕೆ ಅವನು, "ಹಚ್ಚೋ ವಿಧಾನ ಗೊತ್ತಿರಬೇಕು ಅಷ್ಟೆ," ಎಂದು ಉತ್ತರಿಸುತ್ತಿದ್ದ.

ಆದರೂ ಕಬಾಸೊಗೆ ಬೇಸರವಾಗಲಿಲ್ಲ. ಇಂಥ ಮೆಚ್ಚುಗೆಯಾದ ಮೇಲೆ ಕರೆ ಬಾರದೆ ಇರುತ್ತದೆಯೇ? ಮದುವೆ ಮುಗಿದು, ಬಿಸಿಲು ಇಳಿಯುವ ಹೊತ್ತಿಗೆ, ಮಾವನ ಮನೆಯ ಅಂಗಳದಲ್ಲಿ ಊಟ ಸಾಗಿತ್ತು. ಅವನು ಎಂದಿನಂತೆ ಬೇಲಿಯ ಹೊರಗೆ ಕಾದು ನಿಂತ. ಅಜ್ಜಿ ಬಂದಳು.

"ನನ್ನ ಗಂಡಾ, ಒಂದು ಒಳ್ಳೇ ಸುದ್ದಿ. ನೆಂಟರೆಲ್ಲ ಸೇರಿದ್ದಾರಲ್ಲ, ಇವತ್ತು ಸಂಜೇನೇ ನಿನ್ನನ್ನ ಒಳಗೆ ಕರೆದುಬಿಡೋಣ ಅಂತ ಮನೇಲಿ ಮೊನ್ನೇನೇ ತೀರ್ಮಾನ ಆಗಿತ್ತು. ನಿನಗೆ ಅಂತಾನೇ ಕೋಳಿ ಕೂಡ ಬೇಯಿಸಿದ್ರು."

"ಮೊನ್ನೇನೇ?" ಕಬಾಸೊ ಬೇಲಿ ಹಿಡಿದುಕೊಂಡ. "ಕಾರಿನ ಮಾತು ಬರೋಕೆ ಮುಂಚೆ?"

"ಹೂಂ. ಏನೋ ಪಾಪದವನು, ಒಂದು ಕೋಳಿ ಹಾಕಿ ಮುಗಿಸೋಣ ಅಂತ ಇದ್ರು. ಆದ್ರೆ ಚರ್ಚಿನ ಹತ್ರ ನಿನ್ನ ಅತ್ತೆ ಆ ಕಾರಿಂದ ಇಳಿದಾಗ ಊರೇ ತಿರುಗಿ ನೋಡ್ತಲ್ಲ, ಆಗ ನಾಚಿಕೆ ಆಗೋಯ್ತು ಅವಳಿಗೆ. ಇಂಥಾ ಅಳಿಯನಿಗೆ ಬರೀ ಕೋಳೀಲಿ ಶಾಸ್ತ್ರ ಮಾಡಿದ್ರೆ ಜನ ಉಗೀತಾರೆ ಅಂದ್ಲು. ಇನ್ನು ಹೋರಿ ಕಡೀಬೇಕು, ಕಸಾಮಾದಿಂದ ಹಿರಿಯರು ಬರಬೇಕು. ಹೋರಿ ಇನ್ನೂ ಕೊಂಡಿಲ್ಲ. ನಿಧಾನಕ್ಕೆ ದೊಡ್ಡದಾಗೇ ಮಾಡೋಣ. ಒಂದೆರಡು ವರ್ಷ ತಡೆದುಕೋ."

"ಅಜ್ಜಿ, ನನಗೆ ಕೋಳಿ ಸಾಕು. ನನಗೆ ಕೋಳಿ ಅಂದ್ರೆ ಇಷ್ಟ."

"ಅದನ್ನ ಡ್ರೈವರಿಗೆ ಬಡಿಸಿಯಾಯ್ತು. ಪಾಪ, ಹಸಿದಿದ್ದ."

ಕಬಾಸೊ ಬೇಲಿಯ ಮೇಲಿನಿಂದ ಇಣುಕಿದ. ಕಟೆಬೆ ಟೈಯನ್ನು ಭುಜದ ಮೇಲೆ ಎಸೆದುಕೊಂಡು ಕೋಳಿಯ ತೊಡೆ ಬಿಡಿಸುತ್ತಿದ್ದ. ಬಡಿಸುತ್ತಿದ್ದ ಅತ್ತೆ ಒಮ್ಮೆ ತಲೆಯೆತ್ತಿ ಅಳಿಯನನ್ನು ಕಂಡಳು, ಸರಕ್ಕನೆ ತಲೆವಸ್ತ್ರ ಎಳೆದುಕೊಂಡು ಮುಖ ತಿರುಗಿಸಿದಳು. ಇಷ್ಟು ವರ್ಷ ತಿರುಗಿಸಿದ್ದಕ್ಕಿಂತ ಈ ಸಲ ತುಂಬಾ ಹೆಚ್ಚು ಗೌರವದಿಂದ.